ಯಾರದೋ ಮಗಳು

ಕಿರಂಗೂರಿನ ಹಾಲಿನ ಡೈರಿ ಸೆಕ್ರೆಟರಿ ಚಲುವಯ್ಯನಿಗೆ ಇಂಗ್ಲಿಷ್ ಬರುತ್ತದೆ ಎಂದು ಇಡೀ ಊರು ನಂಬಿತ್ತು. ಎಲ್ಲರಿಗಿಂತ ಮೊದಲು ನಂಬಿದವನು ಚಲುವಯ್ಯನೇ. ಪಿಯುಸಿಯಲ್ಲಿ ಅವನು ಒಂದೇ ಒಂದು ವಿಷಯದಲ್ಲಿ ನಪಾಸಾಗಿದ್ದ. ಅದು ಯಾವ ವಿಷಯ ಎಂದು ಯಾರೂ ಕೇಳಿರಲಿಲ್ಲ, ಅವನಾಗಿ ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಹಾಲಿನ ಡಿಗ್ರಿ ನೋಡುವಾಗ ಗಟ್ಟಿಯಿದ್ದರೆ ‘ವೆರಿ ಗುಡ್’, ನೀರು ಸೇರಿದ್ದರೆ ‘ವೆರಿ ಬ್ಯಾಡ್’ ಎಂದು ಹೇಳಿ ಹೇಳಿಯೇ ಊರಿನ ಹೆಂಗಸರಲ್ಲಿ ಸಾಕಷ್ಟು ಭಯಭಕ್ತಿ ಸಂಪಾದಿಸಿಕೊಂಡಿದ್ದ.

ಇಷ್ಟಕ್ಕೇ ನಿಂತಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಹಾಲು ಒಕ್ಕೂಟದ ಪಶುವೈದ್ಯ ಮೋಹನ್ ಕುಮಾರ್ ಜೀಪಿನಲ್ಲಿ ಬಂದಿಳಿದು, ಇಂಗ್ಲೆಂಡಿನಿಂದ ಹೆಲೆನ್ ಎಂಬ ಮೇಡಂ ಬಂದಿದ್ದಾರೆ, ಹಸುಗಳ ತಳಿಯ ವಿಚಾರದಲ್ಲಿ ದೊಡ್ಡ ತಿಳಿವಳಿಕಸ್ಥರು, ಬೆಳ್ಳೂರು ನಾಗಮಂಗಲದ ಕಡೆ ನೋಡಿಯಾಯಿತು, ನಾಳೆ ನಿಮ್ಮೂರಿಗೆ ಕರೆತರುತ್ತೇನೆ ಎಂದರು. ಮಧ್ಯಾಹ್ನದ ಊಟ ಚಲುವಯ್ಯನ ಮನೆಯಲ್ಲೇ ಎಂದೂ ಆಯಿತು.

“ಅವರ ಮಾತು ನಾನು ಕನ್ನಡದಲ್ಲಿ ಹೇಳ್ತೀನಿ, ಯೋಚನೆ ಬೇಡ,” ಎಂದರು ಡಾಕ್ಟರು.

“ನಾನಿರೋವಾಗ ನಿಮಗ್ಯಾಕೆ ಸಾರ್ ತ್ರಾಸ,” ಎಂದ ಚಲುವಯ್ಯ.

ಕಿರಂಗೂರಿನವರಿಗೆ ಈ ಭೇಟಿಯ ಮೇಲೆ ಬೇರೊಂದು ಆಸೆಯಿತ್ತು. ಬೇಸಿಗೆ ಬಂತೆಂದರೆ ಸಂಜೆಯ ಹಾಲು ವ್ಯಾನು ಬರುವ ಮೊದಲೇ ಒಡೆದುಹೋಗುತ್ತಿತ್ತು. ಹಾಲನ್ನು ತಣ್ಣಗಿಡುವ ದೊಡ್ಡ ಕೂಲರ್ ಬೇಕೆಂದು ಒಕ್ಕೂಟವನ್ನು ಕೇಳಿ ವರ್ಷವಾಗಿತ್ತು. ಈಗ ಬಿಳೀ ಹೆಂಗಸೇ ಬರುತ್ತಾಳೆಂದ ಮೇಲೆ ಕೂಲರಿನ ದುಡ್ಡು ಅವಳ ಸೀಮೆಯಿಂದಲೇ ಬರುವುದು ಎಂದು ಡೈರಿಯ ಅಧ್ಯಕ್ಷ ಚೌಡಯ್ಯ ತೀರ್ಮಾನ ಮಾಡಿದ್ದ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೆಲೆನ್ ಮೇಡಂ ನಲವತ್ತರ ಆಸುಪಾಸಿನ ಹೆಂಗಸು, ಹಸುಗಳ ಕೊರಳು ತುರಿಸಿ ಮಾತಾಡಿಸುವ ಒಳ್ಳೆಯ ಜೀವ. ಪ್ರತಿ ಹಸುವಿಗೂ ಇದರ ತಾಯಿ ಯಾವುದು, ಯಾವ ಹೋರಿಯ ಬೀಜ ಎಂದು ಕೇಳಿದಳು. ಒಂದು ಹೋರಿಗೆ ಹುಟ್ಟಿದ ಕಡಸಿಗೆ ಅದೇ ಹೋರಿಯ ಬೀಜ ಕೊಡಬಾರದು, ಹತ್ತಿರದ ರಕ್ತ ಸೇರಿದರೆ ಕರು ಬಡಕಲಾಗುತ್ತದೆ ಎಂದು ತಿಳಿಸಿ ಹೇಳಿದಳು. ಡಾಕ್ಟರು ಕನ್ನಡದಲ್ಲಿ ಹೇಳಿದರು, ಊರವರು ತಲೆಯಾಡಿಸಿದರು. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ.

ಊಟಕ್ಕೆ ಕೂತರು. ಚಲುವಯ್ಯನ ಹೆಂಡತಿ ಬೆಟ್ಟಮ್ಮ ಬಿಸಿ ಮುದ್ದೆ, ಅವರೆಕಾಳು ಬಸ್ಸಾರು ಬಡಿಸಿದಳು. ಮೇಡಂ ಮುದ್ದೆಯನ್ನು ನುಂಗದೆ ಅಗಿಯತೊಡಗಿದಾಗ ಬೆಟ್ಟಮ್ಮನಿಗೆ ನಗು ತಡೆಯಲಾಗಲಿಲ್ಲ. ಮೇಡಮ್ಮೂ ನಕ್ಕಳು. ಈ ನಗುವ ಹುಡುಗಿ ಯಾರು ಎಂದು ಕೇಳಿದಳು.

ಚಲುವಯ್ಯ ಕಾದಿದ್ದ ಗಳಿಗೆ ಇದೇ. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಎಂಜಲು ಕೈಯಲ್ಲೇ ಎದ್ದು ನಿಂತ.

“ಮೇಡಂ, ದಿಸ್ ಮೈ ವೈಫ್, ಬೆಟ್ಟಮ್ಮ. ಆಲ್ಸೋ, ಮೈ ಓನ್ ಸಿಸ್ಟರ್ ಡಾಟರ್.” ಎರಡು ಬೆರಳು ಎತ್ತಿ ತೋರಿಸಿದ. “ಡಬಲ್ ರಿಲೇಶನ್.”

ಚಲುವಯ್ಯ ತನ್ನ ಜನ್ಮದಲ್ಲಿ ಆಡಿದ ಇಂಗ್ಲಿಷಿನಲ್ಲಿ ಕೇಳಿದವರಿಗೆ ಪೂರ್ತಿ ಅರ್ಥವಾದದ್ದು ಅದೊಂದೇ ಮಾತು.

ಹೆಲೆನ್‌ಳ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. ಅವಳು ಡಾಕ್ಟರ ಮುಖ ನೋಡಿದಳು. ಡಾಕ್ಟರು ತಮ್ಮ ಸಾರನ್ನು ನೋಡಿದರು. ಅವಳು ಮೆಲ್ಲಗೆ ಏನೋ ಕೇಳಿದಳು. ಡಾಕ್ಟರು ಬೆಟ್ಟಮ್ಮನಿಗೆ, “ಮದುವೆಗೆ ನಿಮ್ಮ ಒಪ್ಪಿಗೆ ಕೇಳಿದ್ರಾ ಅಂತ ಕೇಳ್ತಿದ್ದಾರಮ್ಮ,” ಎಂದರು.

“ಅವ್ರೇನ್ ಕೇಳದು, ನಾನೇ ಕೇಳಿದ್ದು,” ಎಂದಳು ಬೆಟ್ಟಮ್ಮ. “ಪಾಂಡವಪುರದಿಂದ ಒಬ್ರು ಮೇಷ್ಟ್ರು ನೋಡಕ್ಕೆ ಬಂದಿದ್ರು. ನಂಗೆ ಇಪ್ಪತ್ತೊಂದಾಗಿತ್ತು. ಗುರುತು ಪರಿಚಯ ಇಲ್ದೋರು ಬ್ಯಾಡ, ನಮ್ಮಾವನೇ ಸಾಕು ಅಂದೆ.”

ಇದನ್ನು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದರೆ ಎಲ್ಲವೂ ತಿಳಿಯಾಗುತ್ತಿತ್ತೋ ಏನೋ. ಆದರೆ ಮಾತು ಕೈತಪ್ಪುತ್ತಿರುವುದನ್ನು ಕಂಡ ಚಲುವಯ್ಯ ಮತ್ತೆ ನುಗ್ಗಿದ.

“ಮೇಡಂ, ವೆನ್ ಶೀ ಸ್ಮಾಲ್ ಬೇಬಿ, ಐ ಓನ್ಲಿ ಪುಲ್ ದ ತೊಟ್ಟಿಲು.” ಅದನ್ನು ಹೇಗೆ ತೂಗಿದ್ದೆ ಎಂದು ಕೈಯಲ್ಲಿ ಮಾಡಿಯೂ ತೋರಿಸಿದ.

ಹೆಲೆನ್ ಚೊಂಬಿನ ನೀರು ಪೂರ್ತಿ ಕುಡಿದಳು. ತಲೆನೋವು ಎಂದಳು. ಅರ್ಧ ಮುದ್ದೆ ಎಲೆಯಲ್ಲೇ ಬಿಟ್ಟು ಎದ್ದಳು.

ಜೀಪಿನ ಹತ್ತಿರ ಚಲುವಯ್ಯ ಡಾಕ್ಟರ ಕೈ ಹಿಡಿದುಕೊಂಡ. “ಖಾರ ಜಾಸ್ತಿ ಆಯ್ತಾ ಸಾರ್?”

“ಖಾರ ಅಲ್ಲ ಚಲುವಯ್ಯ. ಅವರ ದೇಶದಲ್ಲಿ ಅಕ್ಕನ ಮಗಳನ್ನ ಮದುವೆ ಆಗೋ ಹಾಗಿಲ್ಲ. ಕಾನೂನೇ ಒಪ್ಪಲ್ಲ.”

“ಇನ್ಯಾರ್ನ ಆಯ್ತಾರೆ ಸಾರ್ ಮತ್ತೆ?”

“ಹೊರಗಿನವರನ್ನ.”

“ಅಂದ್ರೆ, ಗೊತ್ತೇ ಇಲ್ದೋರ್ನಾ?” ಎಂದ ಚಲುವಯ್ಯ. ಅವನಿಗೆ ಇಂಗ್ಲೆಂಡಿನ ಬಗ್ಗೆ ಇದ್ದ ಗೌರವ ಒಂದಿಷ್ಟು ಇಳಿಯಿತು. ಹೆತ್ತವರು ಅದು ಹೇಗೆ ಕಣ್ಣು ಮುಚ್ಚಿಕೊಂಡು ಗುರುತಿಲ್ಲದ ಮನೆಗೆ ಮಗಳನ್ನು ದಾಟಿಸುತ್ತಾರೆ ಎಂದು ಅವನಿಗೆ ಅರ್ಥವಾಗಲಿಲ್ಲ. ಆದರೆ ‘ಕಾನೂನು’ ಎಂಬ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಪಕ್ಕದ ಮನೆಯ ಕುಳ್ಳಮ್ಮ ಇಷ್ಟನ್ನೂ ಕಿಟಕಿಯಲ್ಲಿ ನಿಂತು ನೋಡಿದ್ದಳು. ಕುಳ್ಳಮ್ಮನಿಗೆ ಅರ್ಧ ಕಂಡರೆ ಸಾಕು, ಮಿಕ್ಕರ್ಧವನ್ನು ತಾನೇ ಸೇರಿಸಿ ಇಡಿಯಾಗಿ ಕೊಡುವ ಕೈಗುಣ ಅವಳದು. ಸಂಜೆ ಹಾಲು ಹಾಕುವ ಸಾಲಿನಲ್ಲಿ ಶುರು ಮಾಡಿದಳು.

“ದೊರೆಸಾನಿ ಉಂಬ್ತಿದ್ದೋಳು ಎದ್ದೋದ್ಲು ಕಣ್ರವ್ವ. ಅಕ್ಕನ ಮಗಳ್ನ ಮದ್ವೆ ಆಗೋರ್ನ ಅವ್ರ ಸೀಮೇಲಿ ಜೈಲಿಗಾಕ್ತಾರಂತೆ.”

“ಅದು ಅವ್ರ ಸೀಮೆ ಬುಡು, ನಮ್ಗೇನು,” ಎಂದಳು ಹಿಂದೆ ನಿಂತಿದ್ದ ಸೋಮಮ್ಮ.

“ಬೆಳಗ್ಗೆ ಏನಂದ್ಲು ಕೇಳಿಸ್ಕಂಡ್ಯಾ? ದನಕ್ಕೇ ಹತ್ರದ ರಕ್ತ ಬ್ಯಾಡ ಅಂದ್ಲು. ಮನುಷ್ರಿಗೆ ಬುಟ್ಬುಡ್ತಾಳಾ? ದನದ್ದಾಯ್ತು, ಇನ್ನು ಮನೆಮನೆಗೂ ಬಂದು ಕೇಳ್ತಾಳಂತೆ, ನೀನು ಯಾರ ಮಗಳು, ನಿನ್ ಗಂಡ ಯಾರು ಅಂತ.”

ಸಾಲಿನಲ್ಲಿ ಗಾಬರಿ ಹರಡಿತು. ಹರಡದೆ ಏನು? ಸಾಲಿನಲ್ಲಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಸೋದರಮಾವನನ್ನೇ ಕಟ್ಟಿಕೊಂಡವರು. ಮದುವೆಯಾದಾಗಿನಿಂದ ಗಂಡನನ್ನು ‘ಮಾವ’ ಎಂದೇ ಕರೆಯುತ್ತಿದ್ದ ಸೋಮಮ್ಮ, ಅಂದು ಮನೆಗೆ ಹೋಗುತ್ತಲೇ “ಏನ್ರೀ” ಎಂದಳು. ಅವಳ ಮುದುಕ ಗಂಡ, ಯಾರೋ ನೆಂಟರು ಬಂದಿರಬೇಕೆಂದು ಅಂಗಿ ಹಾಕಿಕೊಂಡು ಹೊರಗೆ ಬಂದ.

ಅಧ್ಯಕ್ಷ ಚೌಡಯ್ಯ ಚಲುವಯ್ಯನನ್ನು ಡೈರಿಯ ಮೂಲೆಗೆ ಕರೆದ. ಚೌಡಯ್ಯನ ಹೆಂಡತಿಯೂ ಅವನ ಅಕ್ಕನ ಮಗಳೇ. ಆದರೆ ಅವನು ಅಧ್ಯಕ್ಷನಾದ್ದರಿಂದ ಬೇರೆಯವರ ಕಷ್ಟದ ಬಗ್ಗೆ ಮಾತ್ರ ಯೋಚಿಸುವ ಅಭ್ಯಾಸ.

“ಏನ್ ಕೆಲ್ಸ ಮಾಡ್ದೆ ಕಣ್ಲಾ ನೀನು? ಕೂಲರ್ರು ಕೊಡೋರು ಅವ್ರು. ಡೈರಿ ಸೆಕ್ರೆಟ್ರಿ ಸಂಸಾರನೇ ಅವ್ರ ಕಾನೂನಿಗೆ ಒಪ್ಪಲ್ಲ ಅಂದ್ಮೇಲೆ ಕೊಡ್ತಾರೇನ್ಲಾ? ಈ ಬ್ಯಾಸ್ಗೇಲೂ ಹಾಲು ಒಡೀಲಿ. ಆಮೇಲೆ ಜನ ನಿನ್ನ ಸೆಕ್ರೆಟ್ರಿ ಕೆಲ್ಸದಲ್ಲಿ ಬುಟ್ಟಾರಾ?”

“ಈಗೇನ್ ಮಾಡದು ಚೌಡಣ್ಣ? ತಾಳಿ ಕಟ್ಟಾಗದೆ.”

“ಕಟ್ಟಿದ್ದು ಇರ್ಲಿ. ಹೇಳಿದ್ದನ್ನ ವಾಪಸ್ ತಗೋ.”

ಮಾರನೇ ಬೆಳಿಗ್ಗೆ ಡಾಕ್ಟರು ಯಾರದೋ ಹಸುವಿಗೆ ಜ್ವರವೆಂದು ಬಂದವರು ಡೈರಿಗೂ ಇಣುಕಿದರು. ಹಾಲಿನ ಸಾಲು ಉದ್ದ ನಿಂತಿತ್ತು. ಅವರು ಇನ್ನೂ ಮಾತೇ ಆಡಿರಲಿಲ್ಲ, ಚಲುವಯ್ಯ ಅಳತೆಯ ಪಾತ್ರೆ ಕೆಳಗಿಟ್ಟು ಕೈ ಮುಗಿದ.

“ಸಾರ್, ನೆನ್ನೆ ನನ್ನ ಇಂಗ್ಲಿಷು ಹೆಚ್ಚುಕಮ್ಮಿ ಆಗೋಯ್ತು. ಅವ್ಳು ನಮ್ಮಕ್ಕನ ಮಗಳಲ್ಲ.”

ತನ್ನ ಇಂಗ್ಲಿಷ್ ಸರಿಯಿಲ್ಲವೆಂದು ಚಲುವಯ್ಯ ಊರ ಮುಂದೆ ಒಪ್ಪಿಕೊಂಡದ್ದು ಇದೇ ಮೊದಲು. ಎಷ್ಟು ಹೆದರಿದ್ದನೆಂದು ಇದರಿಂದಲೇ ತಿಳಿಯಬೇಕು.

“ಹೌದಾ?” ಎಂದರು ಡಾಕ್ಟರು. “ನಿಮ್ಮಕ್ಕ ಕಿಕ್ಕೇರಿಲಿ ಇದ್ದಾರೆ ಅಂತಿದ್ರಿ?”

“ನಂಗೆ ಅಕ್ಕನೇ ಇಲ್ಲ ಸಾರ್.”

“ಹಾಗಾದ್ರೆ ನಿಮ್ಮ ಮನೆಯವರು ಯಾರ ಮಗಳು?”

ಇಲ್ಲಿಯವರೆಗಿನ ಉತ್ತರಗಳನ್ನು ಚಲುವಯ್ಯ ರಾತ್ರಿಯೇ ಸಿದ್ಧಮಾಡಿಕೊಂಡಿದ್ದ. ಈ ಪ್ರಶ್ನೆಗೆ ಸಿದ್ಧತೆ ಇರಲಿಲ್ಲ.

“ಯಾರ್ದೋ ಮಗಳು ಸಾರ್,” ಎಂದುಬಿಟ್ಟ.

ಸಾಲಿನ ನಡುವೆ ಹಾಲಿನ ಕ್ಯಾನು ಹಿಡಿದು ಬೆಟ್ಟಮ್ಮ ನಿಂತಿದ್ದಳು. ಮುಂದಿದ್ದವರು ತಾವಾಗಿಯೇ ಪಕ್ಕಕ್ಕೆ ಸರಿದರು. ಅವಳು ಬಂದು ಕ್ಯಾನನ್ನು ಗಂಡನ ಮುಂದಿಟ್ಟಳು.

“ಯಾರ್ದೋ ಮಗಳು ತಂದಿರೋ ಹಾಲು. ಅಳ್ಕಳಿ,” ಎಂದಳು.

ಅಷ್ಟೇ. ಮನೆಗೆ ಹೋಗಿ ಬಟ್ಟೆಗಂಟು ಕಟ್ಟಿದಳು. ಕೆ.ಆರ್. ಪೇಟೆಯ ಬಸ್ಸು ಹತ್ತಿ ಕಿಕ್ಕೇರಿಗೆ, ತವರಿಗೆ ಹೋದಳು. ಅವಳ ತವರೆಂದರೆ ಯಾವುದು? ಚಲುವಯ್ಯನ ಅಕ್ಕ ನಿಂಗಮ್ಮನ ಮನೆ.

ಈ ಲೋಕದಲ್ಲಿ ಹೆಂಡತಿ ಮುನಿಸಿಕೊಂಡು ತವರಿಗೆ ಹೋದರೆ ಗಂಡನಾದವನು ಅಕ್ಕನ ಮನೆಗೆ ಹೋಗಿ ಗೋಳು ಹೇಳಿಕೊಳ್ಳುತ್ತಾನೆ. ಅಕ್ಕನೊಡನೆ ಜಗಳವಾದರೆ ಅತ್ತೆಮನೆಯಲ್ಲಿ ಎರಡು ದಿನ ಕಳೆಯುತ್ತಾನೆ. ಚಲುವಯ್ಯನಿಗೆ ಎರಡೂ ಮನೆಗೆ ಒಂದೇ ಬಾಗಿಲು. ಅದೂ ಮುಚ್ಚಿತ್ತು. ತಾಯಿ ತೀರಿದ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ನಿಂಗಮ್ಮ. ‘ನನ್ನ ಮಗಳ್ನ ಇನ್ಯಾರ ಕೈಗೂ ಕೊಡಲ್ಲ’ ಎಂದು ಇವನಿಗೆ ಕೊಟ್ಟವಳೂ ಅವಳೇ. ಈಗ ಅಂಥವಳನ್ನು ಊರ ಮುಂದೆ ಇಲ್ಲವೆಂದಿದ್ದ. ಒಬ್ಬನೇ ಕೂತು ಬೆಟ್ಟಮ್ಮ ಬೆಳಿಗ್ಗೆ ಮಾಡಿಟ್ಟಿದ್ದ ಸಾರು ಸುರಿದುಕೊಂಡಾಗ ಅವನಿಗೆ ಅಳುವೇ ಬಂತು.

ಸಮಾಧಾನ ಮಾಡಲು ಬಂದ ಕುಳ್ಳಮ್ಮ ಇನ್ನೊಂದು ಮಾತು ಸೇರಿಸಿ ಹೋದಳು. “ಅವ್ಳು ಕೇಸ್ ಹಾಕುದ್ರೆ ದೊರೆಸಾನೀನೇ ಸಾಕ್ಷಿ ಕಣಪ್ಪ. ನೀನೇ ಮೊದ್ಲು ಓಗಿ ಒಪ್ಕೊಂಡ್ರೆ ಶಿಕ್ಷೆ ಕಮ್ಮಿ ಆಯ್ತದಂತೆ.”

ಚಲುವಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಟ್ಟಣದ ಪೊಲೀಸ್ ಠಾಣೆಗೆ ಹೋದ. ಸಬ್‌ಇನ್‌ಸ್ಪೆಕ್ಟರು ಕಾಫಿ ಕುಡಿಯುತ್ತಿದ್ದರು.

“ಸರೆಂಡರ್ ಆಗಕ್ಕೆ ಬಂದಿವ್ನಿ ಸಾರ್.”

“ಏನ್ ಮಾಡಿದ್ದೀಯ?”

“ಮದ್ವೆ ಆಗಿವ್ನಿ.”

“ಎಷ್ಟು?”

“ಒಂದೇ ಸಾರ್.”

“ಅದರ ಶಿಕ್ಷೆ ಮನೇಲೇ ಆಗ್ತದಲ್ಲಯ್ಯ, ಇಲ್ಲಿಗ್ಯಾಕೆ ಬಂದೆ?”

“ಅಕ್ಕನ ಮಗಳ್ನ ಆಗಿವ್ನಿ ಸಾರ್. ಇಂಗ್ಲೆಂಡಲ್ಲಿ ಅದು ಕೇಸಂತೆ.”

ಸಬ್‌ಇನ್‌ಸ್ಪೆಕ್ಟರು ಲೋಟ ಕೆಳಗಿಟ್ಟರು. ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿ, “ನಿಮ್ಮ ಮನೆಯವರು ನಿಮಗೆ ಏನಾಗಬೇಕ್ರೀ?” ಎಂದರು.

“ಅಕ್ಕನ ಮಗಳು ಸರ್.”

“ನನಗೂ ಅಷ್ಟೇ. ಇವನನ್ನ ಒಳಗೆ ಹಾಕಿದ್ರೆ ನಾವಿಬ್ಬರೂ ಇವನ ಪಕ್ಕದಲ್ಲೇ ಕೂರಬೇಕು. ಆಮೇಲೆ ಬೀಗ ಹಾಕೋರು ಯಾರು?” ಮತ್ತೆ ಲೋಟ ಎತ್ತಿಕೊಂಡರು. “ಇಂಗ್ಲೆಂಡಿನ ಕೇಸು ಇಂಗ್ಲೆಂಡಿನವರು ನೋಡ್ಕೋತಾರೆ. ನೀನು ಹೋಗಿ ಹೆಂಡತೀನ ಕರ್ಕೊಂಡು ಬಾ. ಅವಳ ಹತ್ತಿರ ಸರೆಂಡರ್ ಆಗು.”

ಹೀಗೆ ಸರ್ಕಾರದ ಅಪ್ಪಣೆಯಾದ ಮೇಲೆ ಚಲುವಯ್ಯ ಕಿಕ್ಕೇರಿಯ ಬಸ್ಸು ಹತ್ತಿದ. ಅಕ್ಕ ಬೈಯುತ್ತಾಳೆ, ಪೊರಕೆ ತಗೊಂಡರೂ ತಗೊಳ್ಳಲಿ, ಬಗ್ಗಿ ನಿಂತರಾಯಿತು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡ.

ನಿಂಗಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ತಲೆಯೆತ್ತಿ ನೋಡಿ ಸೆರಗು ಸರಿಮಾಡಿಕೊಂಡಳು.

“ಬನ್ನಿ. ಯಾರು ಬೇಕಾಗಿತ್ತು ತಮಗೆ?”

ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಚಲುವಯ್ಯ ಒಂದು ಬಹುವಚನ ಕೇಳಿದವನಲ್ಲ.

“ಅಕ್ಕ, ನಾನು ಕಣಕ್ಕ.”

“ತಪ್ಪು ಮನೆಗೆ ಬಂದಿದೀರಿ ಅಂತ ಕಾಣ್ತದೆ. ಕಿರಂಗೂರು ಡೈರಿಯೋರಲ್ವಾ ತಾವು? ತಮಗೆ ಅಕ್ಕನೇ ಇಲ್ಲ ಅಂತ ಕೇಳ್ಪಟ್ಟೆ. ಪಾಪ, ಕೂತ್ಕಳಿ.” ಒಳಗೆ ತಿರುಗಿ ಕೂಗಿದಳು. “ಬೆಟ್ಟವ್ವ, ಯಾರೋ ಬಂದವ್ರೆ, ನೀರು ಕೊಡು.”

ಬೆಟ್ಟಮ್ಮ ನೀರಿನ ಲೋಟ ತಂದು ಅವನಿಂದ ಮಾರು ದೂರದಲ್ಲಿಟ್ಟು, “ಹಾಲು ಅಳ್ಕೊಂಡೋಗಕ್ಕೆ ಬಂದವ್ರೇನೋ ಕಣವ್ವ. ನಮ್ಮ ಹಸ ಬತ್ತೋಗದೆ ಅಂತ ಹೇಳು,” ಎಂದು ಬಾಗಿಲಲ್ಲೇ ನಿಂತಳು.

ಬೈದಿದ್ದರೆ ಸುಖವಾಗಿರುತ್ತಿತ್ತು. ಈ ಮರ್ಯಾದೆಯನ್ನು ತಡೆಯುವ ಶಕ್ತಿ ಚಲುವಯ್ಯನಿಗಿರಲಿಲ್ಲ. ಕೂಲರ್ ವಿಷಯ, ಚೌಡಯ್ಯನ ವಿಷಯ, ಕಾನೂನಿನ ವಿಷಯ ಎಲ್ಲ ಒಂದೇ ಉಸಿರಿಗೆ ಒದರಿದ. ನಿಂಗಮ್ಮ “ಹೌದಾ, ಹೌದಾ” ಎಂದು ಪರಸ್ಥಳದವರ ಕಷ್ಟಸುಖ ಕೇಳುವಂತೆ ಕೇಳಿದಳು. ಹುರುಳಿ ಆರಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಜೀಪು ನಿಂತಿತು. ಮೋಹನ್ ಕುಮಾರ್ ಇಳಿದರು, ಅವರ ಹಿಂದೆ ಹೆಲೆನ್. ಊಟ ಬಿಟ್ಟು ಎದ್ದದ್ದು ಅವಳ ಮನಸ್ಸಿಗೆ ಕೊರೆಯುತ್ತಿತ್ತಂತೆ. ಕ್ಷಮೆ ಕೇಳೋಣವೆಂದು ಕಿರಂಗೂರಿಗೆ ಹೋದರೆ ಮನೆಗೆ ಬೀಗ. ಕುಳ್ಳಮ್ಮ ಸಿಕ್ಕಿದಳು. ‘ಬೆಟ್ಟಮ್ಮ ಗಂಡನ್ನ ಬುಟ್ಟು ಓದ್ಲು’ ಎಂದಳು. ಅದನ್ನು ಕೇಳಿದ ಮೇಡಂ ಕಿಕ್ಕೇರಿಯ ಡೈರಿಗೆ ಹೊರಟಿದ್ದ ಜೀಪನ್ನು ಸೀದಾ ಈ ಮನೆಗೆ ತಿರುಗಿಸಿದ್ದಳು.

ಹೆಲೆನ್ ಬೆಟ್ಟಮ್ಮನ ಎರಡೂ ಕೈ ಹಿಡಿದುಕೊಂಡು ಕಣ್ಣು ತುಂಬಿಕೊಂಡು ಏನೋ ಹೇಳಿದಳು. ಡಾಕ್ಟರು ಕೆಮ್ಮಿದರು.

“ನೀವು ಗಂಡನ್ನ ಬಿಟ್ಟು ಬಂದದ್ದು ದೊಡ್ಡ ಧೈರ್ಯದ ಕೆಲಸ ಅಂತಿದ್ದಾರಮ್ಮ. ಏನು ಸಹಾಯ ಬೇಕಿದ್ರೂ ಮಾಡ್ತಾರಂತೆ.”

ಬೆಟ್ಟಮ್ಮ ಕೈ ಬಿಡಿಸಿಕೊಂಡಳು. “ಯಾರು ಯಾರ್ನ ಬುಟ್ಟಿದ್ದು? ಸರಿಯಾಗಿ ಹೇಳಿ ಡಾಕ್ಟ್ರೇ ಅವ್ರಿಗೆ. ಅಕ್ಕನ ಮಗಳು ಅಂದಿದ್ಕೆ ಬಂದೋಳಲ್ಲ ನಾನು. ಅಕ್ಕನ ಮಗಳಲ್ಲ ಅಂದಿದ್ಕೆ ಬಂದೋಳು.”

ಡಾಕ್ಟರು ಹೇಳಿದರು. ಹೆಲೆನ್ ಮತ್ತೊಮ್ಮೆ ಹೇಳಿಸಿಕೊಂಡಳು. ಆದರೂ ಅವಳ ಹುಬ್ಬಿನ ಗಂಟು ಸಡಿಲವಾಗಲಿಲ್ಲ.

“ನಮ್ದು ಇರ್ಲಿ, ಅವ್ರ ಯಜಮಾನ್ರು ಯಾರಂತೆ ಕೇಳಿ,” ಎಂದಳು ಬೆಟ್ಟಮ್ಮ.

ಹೆಲೆನ್ ಮುಖ ಅರಳಿತು. ಚೀಲದಿಂದ ಒಂದು ಫೋಟೋ ತೆಗೆದಳು. ಕನ್ನಡಕದ ಗಂಡಸು, ಪಕ್ಕದಲ್ಲೊಂದು ದಪ್ಪ ನಾಯಿ. ಚಿಕ್ಕಂದಿನಿಂದ ಒಟ್ಟಿಗೆ ಆಡಿ ಬೆಳೆದವರು ಎಂದೂ, ಅವನು ತನಗೆ ಯಾರು ಎಂದೂ ಸಂತೋಷದಿಂದ ಹೇಳಿದಳು. ಡಾಕ್ಟರು ಕನ್ನಡಕ್ಕೆ ತರುವುದನ್ನು ಥಟ್ಟನೆ ನಿಲ್ಲಿಸಿದರು.

“ಏನಂತೆ?” ಎಂದಳು ನಿಂಗಮ್ಮ.

“ದೂರದ ಸಂಬಂಧ ಅಂತೆ,” ಎಂದರು ಡಾಕ್ಟರು.

ಚಲುವಯ್ಯ ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ. ಆದರೆ ಫಾದರ್, ಬ್ರದರ್, ಸನ್ ಎಂಬ ಮೂರು ಪದಗಳೂ ಅವನಿಗೆ ಚೆನ್ನಾಗಿ ಗೊತ್ತಿದ್ದವು. “ದೂರ ಅಲ್ಲ ಸಾರ್. ಅವ್ರಪ್ಪನ ತಮ್ಮನ ಮಗ. ಚಿಕ್ಕಪ್ಪನ ಮಗ,” ಎಂದ.

ಮೊರ ನಿಂತಿತು. ನಿಂಗಮ್ಮ ಎದ್ದು ನಿಂತಳು.

“ಶಿವ ಶಿವ. ಅಣ್ಣತಮ್ಮಂದಿರ ಮಕ್ಕಳಾ? ಅಣ್ಣ ಆಗ್ಬೇಕಲ್ಲವ್ವ ಅವ್ನು. ತಿಳಿದೋರು ಹೇಳೋರು ಒಬ್ಬರೂ ಇರ್ಲಿಲ್ವಾ ನಿಮ್ಮೂರಲ್ಲಿ? ನೋಡಿದ್ರೆ ಒಳ್ಳೇ ಮನೆಯೋಳಂಗೆ ಕಾಣ್ತಾಳೆ.”

ಬೆಟ್ಟಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು. ಹೆಲೆನ್ ಎಲ್ಲರ ಮುಖ ನೋಡಿ, ಇವರಿಗೆ ಏನಾಯಿತು ಎಂದು ಡಾಕ್ಟರನ್ನು ಕೇಳಿದಳು. ಡಾಕ್ಟರು ವೃತ್ತಿಗೌರವ ಬಿಡದೆ ಗಂಭೀರವಾಗಿ, ಈ ಅಮ್ಮನಿಗೆ ಸ್ವಲ್ಪ ತಲೆನೋವಂತೆ ಎಂದರು.

ಹೆಲೆನ್ ತಡವಾಗಿ ನಕ್ಕಳು. ತಲೆನೋವು ಎಂಥದೆಂದು ಅವಳಿಗೆ ತಿಳಿದುಹೋಗಿತ್ತು. ನಗುತ್ತಲೇ ಮುಖ ಕೆಂಪಾಯಿತು, ಫೋಟೋವನ್ನು ಮಡಿಲಲ್ಲಿ ಬೋರಲು ಹಾಕಿದಳು. ಅದನ್ನು ಕಂಡು ಚಲುವಯ್ಯನಿಗೆ ಕರುಳು ಚುರುಕ್ಕೆಂದಿತು. ಊಟದ ದಿನ ತನ್ನ ಮುಖವೂ ಹೀಗೇ ಆಗಿದ್ದಿರಬೇಕು ಅನ್ನಿಸಿತು.

“ಅಂಗನ್ಬೇಡ ಕಣಕ್ಕ. ಅವ್ರ ದೇಸ್ದಲ್ಲಿ ಅದು ನಡೀತದೆ. ತಪ್ಪೇನಲ್ಲ,” ಎಂದ.

“ಅಕ್ಕ ಅಂದ್ರಿ?” ಎಂದರು ಡಾಕ್ಟರು. “ಅಕ್ಕ ಇಲ್ಲ ಅಂತ ಹೇಳಿದ್ರಲ್ಲ ನೀವು?”

ನಿಂಗಮ್ಮ ಇತ್ತ ನೋಡಲಿಲ್ಲ. ಆದರೆ ಅವಳ ಕಿವಿಯೆಲ್ಲ ಇತ್ತಲೇ ಇತ್ತು. ಚಲುವಯ್ಯನ ಕಣ್ಣ ಮುಂದೆ ಚೌಡಯ್ಯ, ಒಡೆದ ಹಾಲು, ಕೈಬಿಟ್ಟುಹೋಗುವ ಸೆಕ್ರೆಟರಿ ಕುರ್ಚಿ ಎಲ್ಲ ಒಮ್ಮೆ ಸುಳಿದವು.

“ಸುಳ್ಳು ಹೇಳ್ದೆ ಸಾರ್. ಇವ್ಳು ನಮ್ಮಕ್ಕ, ನನ್ನ ಸಾಕ್ದೋಳು. ಅವ್ಳು ನಮ್ಮಕ್ಕನ ಮಗಳು. ಕೂಲರ್ರು ಕೊಡದಿದ್ರೆ ಬುಟ್ಬುಡಿ. ಕೆಲ್ಸ ಓದ್ರೂ ಓಗ್ಲಿ. ಇವ್ರಿಬ್ರು ಇಲ್ದೆ ಆ ಮನೇಲಿ ನಂಗೆ ಅನ್ನ ಇಳಿಯಲ್ಲ.” ಹೆಲೆನ್ ಕಡೆ ತಿರುಗಿದ. “ಮೇಡಂ, ಮೈ ಸಿಸ್ಟರ್. ಮೈ ಸಿಸ್ಟರ್ ಡಾಟರ್. ಮೈ ವೈಫ್. ವೆರಿ ಗುಡ್.”

“ಕೂಲರ್‌ಗೂ ಇದಕ್ಕೂ ಏನ್ರೀ ಸಂಬಂಧ?” ಎಂದರು ಡಾಕ್ಟರು. “ಸಂಜೆ ಎಷ್ಟು ಲೀಟರ್ ಹಾಲು ಬರ್ತದೆ ಅಂತ ನೋಡಿ ಒಕ್ಕೂಟದವರು ಕೊಡ್ತಾರೆ. ಸೆಕ್ರೆಟರಿ ಯಾರನ್ನ ಮದುವೆ ಆಗಿದ್ದಾನೆ ಅಂತ ಯಾರು ನೋಡ್ತಾರೆ?”

ನಿಂಗಮ್ಮ ಕಣ್ಣೊರೆಸಿಕೊಂಡು ತಮ್ಮನ ಹತ್ತಿರ ಬಂದಳು.

“ಬಗ್ಗುಲಾ.”

ಚಲುವಯ್ಯ ಬಗ್ಗಿದ. ಆ ‘ಲಾ’ ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು. ನಿಂಗಮ್ಮ ಅವನ ತಲೆಯ ಮೇಲೆ ಫಟೀರನೆ ಒಂದು ಬಿಟ್ಟಳು.

“ಇದು ಅಕ್ಕಂದು.”

ಇನ್ನೊಂದು ಬಿಟ್ಟಳು. ಇದು ಮೊದಲಿನದಕ್ಕಿಂತ ಜೋರಾಗಿತ್ತು.

“ಇದು ಅತ್ತೇದು.”

ಹೆಲೆನ್ ಗಾಬರಿಯಾಗಿ ಎದ್ದು ನಿಂತಳು. ಏಟು ತಿಂದವನು ಕಿವಿಯವರೆಗೂ ನಗುತ್ತಿದ್ದುದನ್ನು ಕಂಡು ಮತ್ತೆ ಕೂತಳು. ಚಲುವಯ್ಯ ತಲೆ ಸವರಿಕೊಳ್ಳುತ್ತ ಬಾಗಿಲ ಕಡೆ ತಿರುಗಿದ. ಅಲ್ಲಿ ಬೆಟ್ಟಮ್ಮ ಇರಲಿಲ್ಲ. ಅವನ ನಗು ಇಳಿಯಿತು. ಸ್ವಲ್ಪ ಹೊತ್ತಿಗೆ ಅವಳು ಬಟ್ಟೆಗಂಟು ಕಂಕುಳಲ್ಲಿಟ್ಟುಕೊಂಡು ಒಳಗಿನಿಂದ ಬಂದಳು. ಅವನ ಮುಖ ಕೂಡ ನೋಡದೆ ಮುಂದೆ ದಾಟಿ ಹೋಗಿ ಜೀಪು ಹತ್ತಿ ಕೂತಳು.

“ನಂದು ಮನೇಗೋದ್ಮೇಲೆ,” ಎಂದಳು.